ಹತ್ತನೇ ನಂಬರಿನ ಸ್ಪ್ಯಾನರಿನೊಂದಿಗೆ ಮಲ್ಲೇಶ್ವರಕ್ಕೆ

ಆಯುಧಪೂಜೆಯ ಹಿಂದಿನ ದಿನ ಬೆಳಗ್ಗೆ ಬಸವನಗುಡಿಯ ಮನೆಯಿಂದ ನಡೆದೇ ಹೊರಟೆ. ಕಾರು ಗೇಟಿನೊಳಗೆ ನಿಂತಿತ್ತು. ಕೀಲಿ ತಿರುಗಿಸಿದರೆ ಟಿಕ್ ಎಂದು ಸುಮ್ಮನಾಗುತ್ತಿತ್ತು. ಕಳೆದ ವರ್ಷದ ಪೂಜೆಯಂದು ಅದು ಮಲ್ಲೇಶ್ವರದ ಅಕ್ಕನ ಮನೆಯ ಮುಂದೆ ಹೀಗೆಯೇ ಕೈಕೊಟ್ಟಿತ್ತು. ನಮ್ಮ ಕುಟುಂಬದ ಗಾಡಿಗಳೆಲ್ಲ ಅಲ್ಲಿ ಸಾಲಾಗಿ ನಿಂತು, ಪೂಜೆಯಾದ ಮೇಲೆ ಚಕ್ರದಡಿಯ ನಿಂಬೆಹಣ್ಣುಗಳನ್ನು ಜಜ್ಜಿ ಮುಂದೆ ಸಾಗುವುದು ರೂಢಿ. ನನ್ನ ಸರದಿ ಬಂದಾಗ ಭಾವ ಕಾರನ್ನು ಪಕ್ಕಕ್ಕೆ ತಳ್ಳಿಸಿದರು. “ಜಯಮ್ಮನ ಗಾಡಿಗೆ ನಿಂಬೆಹಣ್ಣು ದಂಡ ಕಣ್ರೋ! ಎತ್ಕೊಂಡೋಗಿ ಪಾನಕ ಮಾಡಿ” ಎಂದರು. ಆಗ ಯಾರು ಯಾರು ನಕ್ಕರೆಂಬುದು ನನಗೆ ಇಂದಿಗೂ ನೆನಪಿದೆ.

ಆಮೇಲೆ ಚಾಮರಾಜಪೇಟೆಯ ಗ್ಯಾರೇಜಿನವನು ಹೊಸ ಬ್ಯಾಟರಿ ಹಾಕಿದ. ಅದೇ ಕಾಯಿಲೆ ಮರುಕಳಿಸಿದಾಗ ಕಾರಣ ಕೇಳಿದೆ. “ನಿಮಗರ್ಥ ಆಗಲ್ಲಮ್ಮ. ಮನೇಲಿ ಯಾರಾದ್ರೂ ಗಂಡಸ್ರಿದ್ರೆ ಕಳ್ಸಿ” ಎಂದ. ಈ ಸಲ ಕಾರು ತಾನೇ ಓಡಿ ಮಲ್ಲೇಶ್ವರ ತಲುಪಬೇಕು, ಅದರ ಮೇಲೆ ನನ್ನದಲ್ಲದೆ ಇನ್ನೊಬ್ಬರ ಕೈ ಬೀಳಬಾರದು ಎಂದು ಅಂದೇ ನಿಶ್ಚಯಿಸಿದೆ.

ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೋ ಹತ್ತಿದರೆ ಮಾರುಕಟ್ಟೆ ಮುಂದಿನ ನಿಲ್ದಾಣವೇ. ಹೊರಗೆ ಬೂದುಗುಂಬಳದ ರಾಶಿ, ಸೇವಂತಿಗೆಯ ಮಾರು, ಬಾಳೆಕಂದು, ಕಾಲಿಡಲು ಜಾಗವಿರಲಿಲ್ಲ. ತುಂತುರು ಮಳೆಯಲ್ಲಿ ಗಾಡಿ ಸಾಮಾನಿನ ಅಂಗಡಿಗಳ ಜೆ.ಸಿ. ರಸ್ತೆ ಸೇರಿ, ಒಂದು ಅಂಗಡಿಯಲ್ಲಿ ಸ್ಪ್ಯಾನರು ಕೇಳಿದೆ.

“ಡ್ರೈವರ್‌ಗಾ ಅಮ್ಮ?” ಅಂಗಡಿಯವರು ಕೇಳಿದರು.

“ನನಗೆ.”

ಅವರು ಥಳಥಳಿಸುವ ದೊಡ್ಡ ಪೆಟ್ಟಿಗೆಯೊಂದನ್ನು ಮುಂದಿಟ್ಟರು. “ಇದ್ರಲ್ಲಿ ನೂರೆಂಟು ಪೀಸ್ ಇದೆ ನೋಡಿ.”

“ಅಷ್ಟೋತ್ತರ ಮಾಡ್ಬೇಕಾಗಿಲ್ಲಪ್ಪ, ಕಾರು ಸರಿ ಮಾಡ್ಬೇಕು.”

ಬ್ಯಾಟರಿಯ ಕ್ಲಿಪ್ಪಿಗೆ ಹತ್ತನೇ ನಂಬರಿನ ಸ್ಪ್ಯಾನರು, ಉಜ್ಜಲು ತಂತಿಯ ಬ್ರಷ್ಷು, ಕರೆಂಟು ಅಳೆಯುವ ಮೀಟರು, ಚಕ್ರ ಬಿಚ್ಚಲು ನಾಲ್ಕು ತೋಳಿನ ವೀಲ್ ಸ್ಪ್ಯಾನರು ತೆಗೆದುಕೊಂಡೆ. ಜಾಕಿನ ಜೊತೆಗೆ ಎರಡು ಸ್ಟ್ಯಾಂಡುಗಳನ್ನೂ ಕೇಳಿದೆ. ಗಾಡಿ ಎತ್ತುವುದಷ್ಟೇ ಜಾಕಿನ ಕೆಲಸ. ಎತ್ತಿದ್ದನ್ನು ಹೊತ್ತು ನಿಲ್ಲುವುದು ಸ್ಟ್ಯಾಂಡು. ಅದನ್ನು ಬಿಟ್ಟು ಬರಿಯ ಜಾಕನ್ನು ನಂಬಿ ಕಾರಿನಡಿ ಕೈ ಚಾಚುವವರು ತಮ್ಮ ಕೈಯ ಆಸೆ ಬಿಟ್ಟವರೆಂದೇ ನನ್ನ ಅಭಿಪ್ರಾಯ.

ಕಬ್ಬಿಣದ ಭಾರಕ್ಕೆ ಹಿಂದಿರುಗುವಾಗ ಆಟೋ ಹಿಡಿಯಬೇಕಾಯಿತು. “ಏನಮ್ಮ, ಗ್ಯಾರೇಜ್ ಓಪನಿಂಗಾ?” ಎಂದು ಚಾಲಕ ನಕ್ಕ. “ಹೌದು, ಒಂದೇ ಗಾಡಿಗೆ” ಎಂದೆ.

ಮಧ್ಯಾಹ್ನ ಬಾನೆಟ್ ಎತ್ತಿದೆ. ಮೀಟರಿನಲ್ಲಿ ನೋಡಿದರೆ ಬ್ಯಾಟರಿಗೆ ಏನೂ ಆಗಿರಲಿಲ್ಲ. ಕ್ಲಿಪ್ಪಿನ ಸುತ್ತ ಉಪ್ಪಿನಂಥ ಬಿಳಿ ಪುಡಿ ಕಟ್ಟಿ ಕರೆಂಟನ್ನು ತಡೆದಿತ್ತು. ಮೊದಲು ಮೈನಸ್ ಬಿಚ್ಚಿದೆ, ಆಮೇಲೆ ಪ್ಲಸ್. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒರೆಸಿ, ಬ್ರಷ್ಷಿನಿಂದ ಉಜ್ಜಿ, ಪ್ಲಸ್ಸನ್ನು ಮೊದಲು ಬಿಗಿದೆ. ಕೀಲಿ ತಿರುಗಿಸಿದೆ. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಇಷ್ಟಕ್ಕೇ ಆ ಮಹಾನುಭಾವ ಗಂಡಸರನ್ನು ಕಳಿಸಲು ಹೇಳಿದ್ದ!

ಮರುದಿನ ಬೇಕೆಂದೇ ಚಾಮರಾಜಪೇಟೆಯ ದಾರಿ ಹಿಡಿದೆ. ಗ್ಯಾರೇಜಿನ ಬಾಗಿಲಿಗೆ ಬಾಳೆಕಂದು ಕಟ್ಟುತ್ತಿದ್ದ ಅವನು ತಿರುಗಿ ನೋಡುವಂತೆ ಒಮ್ಮೆ ಹಾರ್ನ್ ಮಾಡಿ, ಓಕಳಿಪುರಂ ದಾಟಿ ಮಲ್ಲೇಶ್ವರ ಸೇರಿದೆ.

ಅಕ್ಕ ನನ್ನ ಸ್ಪ್ಯಾನರುಗಳನ್ನೂ ಜಾಕನ್ನೂ ದೇವರ ಮುಂದಿಟ್ಟು ಕುಂಕುಮವಿಟ್ಟಳು. ನನ್ನ ಸರದಿ ಬಂತು. ನಾಲ್ಕು ಚಕ್ರದಡಿಯ ನಿಂಬೆಹಣ್ಣುಗಳೂ ಪಚಕ್ಕೆಂದವು. ಭಾವ ನಗಲಿಲ್ಲ. ನಾನು ಅವರ ಕಾರಿನ ಬಾನೆಟ್ ಎತ್ತಿಸಿ, ಅಲ್ಲಿಯೂ ಕಟ್ಟಿದ್ದ ಬಿಳಿ ಪುಡಿಯನ್ನು ತೋರಿಸಿದೆ.

“ಹೌದಲ್ಲ! ತಗೊಂಬಾ ಜಯಮ್ಮ ನಿನ್ನ ಸ್ಪ್ಯಾನರ್ನ, ಈಗ್ಲೇ ಬಿಚ್ಬಿಡೋಣ.”

“ಪೂಜೆಗಿಟ್ಟಿದೆ ಭಾವ. ನಾಳೆವರ್ಗೂ ಮುಟ್ಟಂಗಿಲ್ಲ.”

“ಮುಟ್ಟೀರಾ ಮತ್ತೆ!” ಒಳಗಿನಿಂದ ಅಕ್ಕ ಕೂಗಿದಳು.

ಆ ಕಟ್ಟಳೆ ನನಗೂ ಅನ್ವಯಿಸುತ್ತದೆಂದು ಹೊಳೆದದ್ದು ಹೊರಡುವಾಗ. ಸಲಕರಣೆಗಳೆಲ್ಲ ರಾತ್ರಿ ಅಲ್ಲಿಯೇ ಉಳಿಯಬೇಕು. ಬರಿಗೈಯಲ್ಲಿ ಬಸವನಗುಡಿ ಮುಟ್ಟಬೇಕು.

“ದಾರೀಲಿ ನಿಂತೋದ್ರೆ ಏನ್ ಮಾಡ್ತೀಯಾ?” ಭಾವ ಕೇಳಿದರು.

“ನಿಲ್ಲಲ್ಲ. ಬಿಗಿ ಮಾಡಿರೋದು ನಾನು.”

ಕಾರು ಒಂದೇ ಸಲಕ್ಕೆ ಹೊರಟಿತು. ರಸ್ತೆಯ ತಿರುವಿನಲ್ಲಿ ಕನ್ನಡಿ ನೋಡಿದೆ. ಈಗ ನಿಂತೀತು, ಇನ್ನೇನು ನಿಂತೀತು ಎಂದು ಭಾವ ಗೇಟಿನ ಬಳಿ ಇನ್ನೂ ಕಾಯುತ್ತಲೇ ಇದ್ದರು.