ಅಕ್ಕ ಕಾಫಿ ಬಿಟ್ಟ ವಾರ

"ಲೇ ತಮ್ಮಾ, ಕೈ ನಡುಗ್ತಾ ಐತೆ. ಎದೇನೂ ಡಬಡಬ ಅಂತೈತೆ. ಬಂದೋಗ್ತೀಯಾ?"

ಹೋದ ತಿಂಗಳು ಸೇಲಂ ಬಳಿಯ ಎಡಪ್ಪಾಡಿಯ ಎಸ್‌ಟಿಡಿ ಬೂತಿನಿಂದ ಅಕ್ಕನ ಫೋನು. ಮೂವತ್ತು ವರ್ಷದಿಂದ ಕೈಮಗ್ಗದಲ್ಲಿ ಸೀರೆ ನೇಯುವವಳು. ನೇಯುವವರ ಕೈಯೇ ನಡುಗಿದರೆ ಇನ್ನೇನು ಉಳಿಯಿತು? ಸೇಲಂನಲ್ಲಿ ಕೆಲಸ ಮಾಡುವ ನಾನು ಸಿಕ್ಕ ಬಸ್ಸು ಹತ್ತಿದೆ.

ಡಾಕ್ಟರು ಇಸಿಜಿ ತೆಗೆದರು. ಹೃದಯಕ್ಕೇನೂ ಆಗಿಲ್ಲ ಎಂದರು. ಆಮೇಲೆ ದಿನಕ್ಕೆ ಎಷ್ಟು ಕಾಫಿ ಎಂದು ಕೇಳಿದರು.

"ಎರಡೇ ಸಾರ್" ಎಂದಳು ಅಕ್ಕ.

"ಯಾಕೆ ಪೊಯ್ ಯೋಳ್ತೀಯಾ? ಎಂಟು ಸಾರ್" ಎಂದು ಅವಳ ಸುಳ್ಳು ಬಯಲು ಮಾಡಿದರು ಭಾವ.

(ಅಕ್ಕನ ಪ್ರಕಾರ ಅರ್ಧ ಲೋಟ ಕಾಫಿಯೇ ಅಲ್ಲ. ನಿಮ್ಮ ಮನೆಯಲ್ಲೂ ಇಂಥವರೊಬ್ಬರಿದ್ದಾರೆ, ಅಲ್ಲವೇ?)

ನಡುಕಕ್ಕೂ, ನಿದ್ದೆ ಬಾರದಿರುವುದಕ್ಕೂ ಅದೇ ಕಾರಣವಿರಬಹುದು, ನಿಧಾನವಾಗಿ ಕಡಿಮೆ ಮಾಡಿ ಎಂದರು ಡಾಕ್ಟರು. ಅಕ್ಕನಿಗೆ ನಿಧಾನ ಗೊತ್ತಿಲ್ಲ. ಮರುದಿನವೇ ಫಿಲ್ಟರು ತೊಳೆದು ಅಟ್ಟಕ್ಕೇರಿಸಿದಳು. ನಾನು ರಜೆ ಹಾಕಿ ಅಲ್ಲೇ ಉಳಿದೆ.

ಸಂಜೆಗೇ ತಲೆನೋವು. ಹಣೆಗೆ ಬಟ್ಟೆ ಬಿಗಿದು ಕೂತಳು. ಪಕ್ಕದ ಮನೆಯಾಕೆ ಬಂದು ದೃಷ್ಟಿ ತೆಗೆದರು. (ಅವರಿಗೆ ಕೊಡಬೇಕಾದ್ದೂ ಕಾಫಿಯೇ! ಮಜ್ಜಿಗೆ ಕೊಟ್ಟೆ.) ಎರಡನೇ ದಿನ ಎಲ್ಲರ ಮೇಲೂ ರೇಗಿದಳು. ಆಮೇಲೆ, "ಮಗ್ಗ ಬಿಟ್ರೆ ನಂಗಿದ್ದಿದ್ದು ಅದೊಂದೇ ಕಣ್ಲಾ" ಎಂದು ಅತ್ತೇಬಿಟ್ಟಳು.

ನಾನು ಇಷ್ಟು ದಿನ ಅದನ್ನು ಚಟ ಎಂದುಕೊಂಡಿದ್ದೆ. ಕಾಲಿಳಿಬಿಟ್ಟು ಕೂತು ನೇಯುವ ಮಗ್ಗದ ಗುಂಡಿಯಿಂದ ಎದ್ದು ಬರಲು ಅವಳಿಗಿದ್ದ ನೆಪ ಅದೊಂದೇ.

ನಾಲ್ಕನೆಯ ಮಧ್ಯಾಹ್ನ, ಊಟವಾದ ಮೇಲೆ, ಮಗ್ಗದ ಪಕ್ಕದ ತಣ್ಣನೆ ನೆಲದಲ್ಲಿ ಹಾಗೇ ಒರಗಿದಳು. ಗವಾಕ್ಷಿಯ ಬಿಸಿಲು ನೂಲಿನ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಭಾವ ರೇಡಿಯೊ ಆರಿಸಿದರು. ಬೀದಿಯ ಮಗ್ಗಗಳ ಸದ್ದೂ ಎಲ್ಲೋ ದೂರ, ನೀರಿನಾಚೆಯಿಂದ ಬಂದಂತೆ. ಅಕ್ಕ ಎರಡು ಗಂಟೆ ಮಲಗಿದಳು. ನಾವಿಬ್ಬರೂ ಕಾವಲು ಕೂತೆವು.

ಎದ್ದಾಗ ಅವಳ ಮುಖವೇ ಬೇರೆಯಾಗಿತ್ತು.

"ಕನಸು ಬಿತ್ತು ಲಾ. ಕಾವೇರೀಲಿ ದೋಣಿ ಮ್ಯಾಲೆ ಕೂತಿದ್ದೆ. ನೀರು ಅಂಗೇ ನಿಂತಿತ್ತು. ಎಲ್ಲಿಗೋಗ್ಬೇಕಮ್ಮಾ ಅಂದ ದೋಣಿಯವ. ಎಲ್ಲಿಗೂ ಬ್ಯಾಡ, ಸುಮ್ಕಿರಪ್ಪಾ ಅಂದೆ."

ಕನಸು ಬಿದ್ದು ಎಷ್ಟು ವರ್ಷವಾಗಿತ್ತು ಎಂದು ಕೇಳಿದೆ. ಅವಳಿಗೆ ನೆನಪಾಗಲಿಲ್ಲ. ನನ್ನದು ನನಗೂ ನೆನಪಾಗಲಿಲ್ಲ. (ಇದನ್ನು ಬರೆಯುವಾಗ ಪಕ್ಕದಲ್ಲಿ ಮೂರನೇ ಲೋಟವಿದೆ.)

ಈಗ ಅಕ್ಕನ ಕೈ ನಡುಗುವುದಿಲ್ಲ. ಮಗ್ಗ ಮತ್ತೆ ಮಾತಾಡುತ್ತಿದೆ. ಬೆಳಗಿನ ಒಂದು ಲೋಟ ಮಾತ್ರ ಉಳಿಸಿಕೊಂಡಿದ್ದಾಳೆ. ಮೊನ್ನೆ ಫೋನ್ ಮಾಡಿದಾಗ, ಅದನ್ನೂ ಬಿಡಬಹುದಲ್ಲಾ ಎಂದೆ.

"ಕನಸು ಕಂಡ್ರೆ ಸಾಕಾ ತಮ್ಮಾ? ಎದ್ದೇಳೋದು ಬ್ಯಾಡ್ವಾ?"