ನೆಟ್ ಮುಗಿದಿದೆ ಎಂದ ಮಾತು

ನನ್ನ ಗಂಡ ಸುಳ್ಳು ಹೇಳುವವರಲ್ಲ ಎಂದು ಬೆಟಗೇರಿಯ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಮ್ಮ ಸೀರೆ ಅಂಗಡಿಯಲ್ಲಿ "ಇದು ಬಣ್ಣ ಬಿಡತೈತ್ರಿ" ಎಂದು ಗಿರಾಕಿಗೆ ತಾವಾಗಿಯೇ ಹೇಳಿ ವ್ಯಾಪಾರ ಕೆಡಿಸಿಕೊಳ್ಳುವ ಮನುಷ್ಯ. ಅಂಥವರು ಹೇಳಿದ ಒಂದು ಸುಳ್ಳು ನನ್ನ ಪಾಲಿಗೇ ಬಂತು.

ನೇಪಾಳದ ಮುಕ್ತಿನಾಥದಲ್ಲಿ ಗಂಡ ಹೆಂಡತಿ ಕೂಡಿ ಪೂಜೆ ಮಾಡಿಸಬೇಕೆಂಬುದು ಅವರ ಬಹುಕಾಲದ ಹರಕೆ. ನನಗೆ ಹೊರಡುವ ಮನಸ್ಸಿರಲಿಲ್ಲ. ಹಮ್ಮಿಗಿಯಲ್ಲಿ ತಮ್ಮನ ಮನೆಯಲ್ಲಿದ್ದ ಅವ್ವನಿಗೆ ಉಬ್ಬಸ. ದೀಪ ಹಚ್ಚುವ ಹೊತ್ತಿಗೆ ವಿಡಿಯೋದಲ್ಲಿ ನನ್ನ ಮುಖ ಕಾಣದಿದ್ದರೆ ಆಕೆಗೆ ಊಟ ಸೇರುತ್ತಿರಲಿಲ್ಲ.

"ಎಲ್ಲಿಗರೆ ಹೋಗು, ದಿನಾ ಮಾರಿ ತೋರಸು," ಎಂದಳು ಅವ್ವ.

"ಅಲ್ಲೂ ನೆಟ್ ಸಿಗತೈತ್ರಿ, ನಾ ಹಾಕಸ್ತೀನಿ," ಎಂದು ಇವರು ಆಕೆಗೆ ಮಾತು ಕೊಟ್ಟರು.

ಯಾತ್ರೆಯ ಬಸ್ಸು ಗಡಿ ದಾಟಿದೊಡನೆ ನಮ್ಮಿಬ್ಬರ ಸಿಮ್ಮುಗಳೂ ಜೊತೆಗಿದ್ದ ಹೆಣ್ಣುಮಕ್ಕಳ ಸಿಮ್ಮುಗಳೂ ಸುಮ್ಮನಾದವು. ಇವರು ಅಲ್ಲಿಯದೊಂದು ಸಿಮ್ ಕೊಂಡು ತಮ್ಮ ಫೋನಿಗೆ ಹಾಕಿಕೊಂಡರು. ಅವರ ಹಾಟ್‌ಸ್ಪಾಟಿನಿಂದಲೇ ನನ್ನ ಫೋನಿಗೆ ನೆಟ್. ನನಗೆ ಬೇರೆ ಸಿಮ್ ಬೇಕೆಂದು ಹೊಳೆಯಲೂ ಇಲ್ಲ. ಪೊಖರಾದ ತನಕ ದಿನಾ ಸಂಜೆ ಅವ್ವ ಕಂಡಳು. ಬೆಟ್ಟ ತೋರಿಸಹೋದರೆ, "ಗುಡ್ಡ ಇರ್ಲಿ, ನೀ ಕಾಣು," ಎನ್ನುತ್ತಿದ್ದಳು.

ಪೊಖರಾ ಬಿಟ್ಟು ಮೇಲೆ ಏರಿದ ಸಂಜೆ ನನ್ನ ಫೋನಿಗೆ ನೆಟ್ ಬರಲಿಲ್ಲ.

"ಏನ್ರಿ, ಅವ್ವ ಕಾಯ್ತಿರ್ತಾಳ."

"ನೆಟ್ ಮುಗದೈತಿ. ಇಲ್ಲಿ ಹಾಕಸಾಕ ಅಂಗಡಿ ಇಲ್ಲ."

ಮರುದಿನವೂ ಅದೇ ಮಾತು. ನಾನು ನಂಬಿದೆ. ಅದರ ಮಾರನೆಯ ದಿನ ಮುಕ್ತಿನಾಥದ ಕೊರೆಯುವ ನೀರಿಗೆ ತಲೆಯೊಡ್ಡಿ, ಅವ್ವನ ಉಸಿರು ಸಲೀಸಾಗಲಿ ಎಂದು ಬೇಡಿಕೊಂಡೆ. ಇವರು ಪಕ್ಕದಲ್ಲೇ ಕಣ್ಣು ಮುಚ್ಚಿ ನಿಂತಿದ್ದರು.

ವಾಪಸು ಗಡಿಯ ಹತ್ತಿರ ಬಂದಾಗ, ನನ್ನ ಸಿಮ್ಮಿಗೆ ಜೀವ ಬರುವ ಮುಂಚೆ, ಬಸ್ಸಿನಲ್ಲಿ ಕೂತೇ ಹೇಳಿದರು. ಅವ್ವ ಗದಗಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು, ನಮ್ಮ ಪೂಜೆಯ ಹಿಂದಿನ ದಿನ. ಮಣ್ಣೂ ಆಗಿತ್ತು.

"ಕಿವಿಗಿ ಬಿದ್ದರ ಸೂತಕ ಆಗತೈತಿ. ಹರಕಿ ಮುಗೀಲಿ ಅಂತ ನಾನ ನಿನ್ನ ನೆಟ್ ಬಂದ್ ಮಾಡಿದ್ದೆ."

ಸುದ್ದಿ ಕೇಳಿದ ಮೇಲೆಯೇ ಸೂತಕ ಎನ್ನುವುದು ನಮ್ಮವರ ರೂಢಿ. ಮದುವೆ ಮನೆಯಲ್ಲಿ ಹಿರಿಯರು ಸಾವಿನ ಸುದ್ದಿಯನ್ನು ಬಾಗಿಲಲ್ಲೇ ತಡೆದದ್ದನ್ನು ನಾನೂ ನೋಡಿದ್ದೇನೆ, ಸರಿ ಎಂದೂ ತಲೆಯಾಡಿಸಿದ್ದೇನೆ. ಆದರೆ ನೆಟ್ ನಿಂತ ಸಂಜೆ ಅವ್ವ ಇನ್ನೂ ಇದ್ದಳು; ಸತ್ತ ಸುದ್ದಿಗೆ ಸೂತಕವಾದೀತು, ಬದುಕಿದ್ದ ಅವ್ವನ ಮಾತಿಗೆ ಯಾವ ಸೂತಕ? ಹಾಗೆಂದು ಕೇಳಿದೆ.

"ದವಾಖಾನಿ ಅಂದಿದ್ರ ನೀ ಅಲ್ಲಿಂದನ ಹೊಳ್ಳತಿದ್ದಿ," ಎಂದರು.

ಹೌದು, ಹಿಂದಿರುಗುತ್ತಿದ್ದೆ. ಅದು ಗೊತ್ತಿದ್ದೇ ಮಾಡಿದರು. ನಂಬಿದ ಎಮ್ಮೆ ಕೋಣ ಈಯಿತು ಎನ್ನುತ್ತಾರಲ್ಲ, ಹಾಗಾಯಿತು ನನ್ನ ಗತಿ. ಊರು ಬರುವ ತನಕ ಅವರ ಕೈಯಿಂದ ನೀರು ಸಹ ಇಸಿದುಕೊಳ್ಳಲಿಲ್ಲ.

ಹಮ್ಮಿಗಿಯಲ್ಲಿ ತಮ್ಮ ನನ್ನ ಮುಖ ನೋಡದೆ ಮಾತಾಡಿದ.

"ಆಕೀಗಿ ಎಲ್ಲಾ ಹೇಳೇನಿ ಅಂದಿದ್ರು ಮಾಮಾ. ಅವ್ವ ಭಾಳ ಹಟಾ ಮಾಡಿದ್ಲಂತ ವಿಡಿಯೋದಾಗ ದೂರಿಂದ ನಿನ್ನ ತೋರಿಸಿದ್ರು. ಹೆಣ್ಮಕ್ಕಳ ಕೂಡ ಊಟಕ್ಕ ಕುಂತು ನಗಾಕತ್ತಿದ್ದಿ. ಅವ್ವ ಮಾರಿ ಮ್ಯಾಲಿನ ಮಾಸ್ಕ್ ಸರಿಸಿ ನಿನ್ನ ಕೂಗಿದ್ಲು, ಅಕ್ಕಾ. ನೀ ಹೊಳ್ಳಿ ಸೈತ ನೋಡಲಿಲ್ಲ."

ಇವರು ಫೋನಿನ ದನಿ ಅಡಗಿಸಿ ಬಾಗಿಲಲ್ಲಿ ಹಿಡಿದು ನಿಂತಿದ್ದಿರಬೇಕು. ಆ ಕೂಗು ನನ್ನ ತನಕ ಬರಲೇ ಇಲ್ಲ.

"ಆಮ್ಯಾಲ ಏನಂದ್ಲು?"

"'ಇರ್ಲಿ ಬಿಡು, ಆಕೀಗಿ ಪುರಸೊತ್ತಿಲ್ಲ' ಅಂದ್ಲು."