ಸರ್ಕಾರ ನೋಡಿ ಹೆಣ್ಣು ಕೊಟ್ಟ ನಂಜಪ್ಪ ಮಾವ

ನಂಜಪ್ಪ ಮಾವನ ಹುಬ್ಬು, ಮೂಗಿನ ತುದಿ, ಕಿವಿಯ ಮೇಲಿನ ಕೂದಲು ಎಲ್ಲವೂ ಹಿಟ್ಟು. ಆ ವೇಷದಲ್ಲೇ ನಿಂತು ಅವರು ದೇಶದ ರಾಜ್ಯಗಳಿಗೆಲ್ಲ ಮಾರ್ಕ್ಸ್ ಹಾಕುತ್ತಿದ್ದರು. ವಿಜಯನಗರದ ಅಡ್ಡರಸ್ತೆಯೊಂದರಲ್ಲಿ ಅವರ ಫ್ಲೋರ್ ಮಿಲ್ಲು. ರಾಗಿ ಡಬ್ಬ ಹಿಡಿದು ಸಾಲಿನಲ್ಲಿ ನಿಂತವರಿಗೆ ಹಿಟ್ಟಿಗಿಂತ ಮೊದಲು ಭಾಷಣ ಸಿಗುತ್ತಿತ್ತು. ಯಂತ್ರದ ಸದ್ದನ್ನು ಮೀರಿಸಿ ಕೂಗಿ ಕೂಗಿ ಅಭ್ಯಾಸವಾಗಿ, ಮನೆಯಲ್ಲಿ ಅತ್ತೆಗೆ ಗುಟ್ಟು ಹೇಳಿದರೂ ಎದುರುಮನೆಯವರಿಗೆ ಕೇಳುತ್ತಿತ್ತು.

ಅವರ ಲೆಕ್ಕ ಸರಳ. ತಮ್ಮ ಪಕ್ಷ ಆಳುವ ರಾಜ್ಯ ಸ್ವರ್ಗ, ಇನ್ನೊಂದು ಪಕ್ಷ ಆಳುವುದು ನರಕ. ನಮ್ಮ ರಾಜ್ಯದಲ್ಲಿ ಸರ್ಕಾರ ಬದಲಾಗುತ್ತಲೇ ಇರುತ್ತದಲ್ಲ, ಹಾಗಾಗಿ ಮಿಲ್ಲಿನ ಮುಂದಿನ ಅದೇ ಗುಂಡಿ ಕೆಲವು ವರ್ಷ ಅವರ ಕಣ್ಣಿಗೆ ಬೀಳುತ್ತಿತ್ತು, ಕೆಲವು ವರ್ಷ ಬೀಳುತ್ತಿರಲಿಲ್ಲ. ಎದುರು ಪಕ್ಷದ ಗಿರಾಕಿ ಯಾರಾದರೂ ಹಿಟ್ಟು ತರಿತರಿಯಾಗಿದೆ ಎಂದರೆ ಮುಗಿಯಿತು.

"ನೀವು ಓಟ್ ಹಾಕಿರೋ ಸರ್ಕಾರ ಸಾರ್, ಇದ್ರಲ್ಲಿ ಇಷ್ಟೇ ನುಣ್ಣಗಾಗೋದು!"

ಬೈಸಿಕೊಂಡವರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅಮ್ಮನ ತಮ್ಮ, ನನ್ನ ಪ್ರೀತಿಯ ಸೋದರಮಾವ. ಅಪ್ಪ ತೀರಿಕೊಂಡಾಗ ಮಿಲ್ಲಿಗೆ ಬೀಗ ಹಾಕಿ ಶ್ರೀಗಂಧದ ಕಾವಲಿನ ನಮ್ಮ ಮನೆಗೆ ಬಂದವರು, ತಿಥಿ ಮುಗಿಯುವವರೆಗೂ ಕದಲಿರಲಿಲ್ಲ. ಯಾರದೇ ಮನೆಯಲ್ಲಿ ಕಷ್ಟ ಎಂದರೂ ಸ್ಕೂಟರ್ ಹತ್ತುವ ಮನುಷ್ಯ. ಅದನ್ನು ನೆನೆದಾಗಲೇ ನನಗೆ ಮೈಯೆಲ್ಲ ಉರಿಯುವುದು.

ಮಾವನ ಮಗಳು ಸುಮತಿಗೆ ಎರಡು ಸಂಬಂಧ ಬಂದಿದ್ದವು. ಮೊದಲನೆಯ ಹುಡುಗ ಪಕ್ಕದ ರಾಜ್ಯದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದ. ತಾಯಿಯ ಜೊತೆ ಬಂದು ಉಪ್ಪಿಟ್ಟು ತಿಂದು, ತಟ್ಟೆಯನ್ನು ತಾನೇ ಒಳಗಿಟ್ಟು ಬಂದ. ಮದುವೆಯಾದ ಮೇಲೂ ಕೆಲಸಕ್ಕೆ ಹೋಗುವಿರಾ ಎಂದು ಸುಮತಿಯನ್ನೇ ಕೇಳಿದ. ಅವಳಿಗೆ ಹಿಡಿಸಿದ್ದ. ಮಾವ ಮಾತ್ರ ಒಪ್ಪಲಿಲ್ಲ. ಆ ರಾಜ್ಯದಲ್ಲಿದ್ದದ್ದು ಎದುರು ಪಕ್ಷದ ಸರ್ಕಾರ.

"ರಾಜ್ಯನ ಮದ್ವೆ ಆಗ್ತಾಳೇನ್ರೀ ಅವ್ಳು? ಹುಡುಗನ್ನ ನೋಡ್ರೀ," ಎಂದರು ಅತ್ತೆ.

"ಹಿಂದೆ ಹೆಣ್ಣು ಕೊಡೋರು ಊರಲ್ಲಿ ನೀರೈತಾ ಅಂತ ನೋಡ್ತಿದ್ರು ಕಣೇ. ಈಗ ಸರ್ಕಾರ ನೋಡ್ಬೇಕು."

ಎರಡನೆಯವನು ದೂರದ ಉತ್ತರದಲ್ಲಿ ನೆಲೆಸಿದ್ದ ನಮ್ಮ ಕಡೆಯವರ ಮಗ. ಅಲ್ಲಿ ಮಾವನ ಪಕ್ಷದ್ದೇ ಆಡಳಿತ. ಮಾವ ಒಮ್ಮೆಯೂ ಆ ರಾಜ್ಯಕ್ಕೆ ಕಾಲಿಟ್ಟವರಲ್ಲ. ಫೋನಿಗೆ ಬಂದ ವಿಡಿಯೊಗಳಲ್ಲಿ ಅಲ್ಲಿನ ಅಗಲ ರಸ್ತೆಗಳನ್ನು ನೋಡಿದ್ದರು, ಅಷ್ಟೆ. "ಮಧ್ಯರಾತ್ರೀಲೂ ಹೆಣ್ಮಕ್ಳು ಒಡವೆ ಹಾಕ್ಕೊಂಡು ಓಡಾಡ್ತಾರಂತೆ ಅಲ್ಲಿ," ಎಂದು ಲಗ್ನಪತ್ರಿಕೆ ಹಂಚುತ್ತಾ ಹೇಳಿಕೊಂಡು ತಿರುಗಿದರು. ಮದುವೆಯಾಗಿ ಹೋದ ಮೇಲೆ ಆ ಮನೆಯವರು ಸುಮತಿಯನ್ನು ಮಟಮಟ ಮಧ್ಯಾಹ್ನವೂ ಹೊಸಿಲು ದಾಟಲು ಬಿಡಲಿಲ್ಲ.

ಒಂದು ದಿನ ನಾನು ರಾಗಿ ಬೀಸಿಸಲು ಹೋಗಿದ್ದಾಗ ಅವಳ ಫೋನ್ ಬಂತು. ಮಗಳ ದನಿ ಎಂದು ಗೊತ್ತಾಗುತ್ತಲೇ ಮಾವ ಯಂತ್ರ ನಿಲ್ಲಿಸಿ ಸ್ಪೀಕರ್ ಹಾಕಿದರು. ಮಗಳು ಆ ರಾಜ್ಯವನ್ನು ಹೊಗಳುವುದನ್ನು ಗಿರಾಕಿಗಳು ಕೇಳಲಿ ಎಂಬ ಆಸೆ.

"ಅಪ್ಪಾ, ಹೊಡೀತಾರಪ್ಪ. ಇದು ಪಕ್ಕದ್ಮನೆಯವರ ಫೋನು. ಬಂದು ಕರ್ಕೊಂಡ್ ಹೋಗಪ್ಪಾ."

ಮಾವನ ಮುಖ ಇಳಿಯಿತು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಸ್ಪೀಕರ್ ಆರಿಸಿ, ಫೋನನ್ನು ಕಿವಿಗಿಟ್ಟುಕೊಂಡರು. "ಹೊಸ ಜಾಗ ಕಣಮ್ಮ, ಒಗ್ಗೋವರ್ಗೂ ಹಂಗೇ. ಅಂಥ ರಾಜ್ಯದಲ್ಲಿರೋಕೆ ಪುಣ್ಯ ಮಾಡಿರ್ಬೇಕು. ಅದ್ಸರಿ, ಕರೆಂಟ್ ಹೋಗುತ್ತಾ ಅಲ್ಲಿ?" ಆ ಕಡೆಯಿಂದ ಏನೋ ಉತ್ತರ ಬಂತು. ಮಾವ ಗಿರಾಕಿಗಳ ಕಡೆ ತಿರುಗಿ, "ಹೋಗಲ್ವಂತೆ, ನೋಡಿದ್ರಾ!" ಎಂದರು.

ನಾನು ರಾಗಿ ಡಬ್ಬವನ್ನು ನೆಲಕ್ಕೆ ಕುಕ್ಕಿ ಕೂಗಾಡಿದೆ. "ಮಾವ, ಅವ್ಳು ಹೊಡೀತಾರೆ ಅಂತಿದಾಳೆ! ಕರೆಂಟ್ ಕಟ್ಕೊಂಡು ಏನ್ಮಾಡ್ತೀರಿ?"

"ಮೆತ್ಗೆ ಮಾತಾಡು. ಇಂಥದ್ದೇ ಹಬ್ಸಿ ಆ ರಾಜ್ಯದ ಹೆಸರು ಕೆಡಿಸ್ತಾರೆ ಜನ."

ಹೆತ್ತ ಮಗಳ ಅಳು ಆ ಮನುಷ್ಯನಿಗೆ ವಿರೋಧ ಪಕ್ಷದ ಅಪಪ್ರಚಾರದಂತೆ ಕೇಳಿಸಿತ್ತು! ಊರಿನವರ ಕಷ್ಟಕ್ಕೆಲ್ಲ ಓಡುತ್ತಿದ್ದವರು ಮಗಳ ಕಷ್ಟಕ್ಕೆ ಏಳಲಿಲ್ಲ. ಎದ್ದರೆ ತಾವು ಇಷ್ಟು ವರ್ಷ ಕೂಗಿದ್ದು ಸುಳ್ಳಾಗುತ್ತದಲ್ಲ. ಅತ್ತೆ ಒಬ್ಬರೇ ಹೊರಟು ನಿಂತರೆ, ಭಾಷೆ ಬರದವಳು ಎಲ್ಲಿಗೆ ಹೋಗುತ್ತೀಯ ಎಂದು ಗದರಿಸಿ ಕೂರಿಸಿದರು.

ಆಮೇಲೆ ಆ ರಾಜ್ಯದಲ್ಲಿ ಚುನಾವಣೆ ನಡೆದು ಮಾವನ ಪಕ್ಷ ಸೋತಿತು. ಫಲಿತಾಂಶದ ಸಂಜೆಯೇ ಅವರು ರೈಲು ಹತ್ತಿದರು. ಸುಮತಿಯನ್ನು ಒಂದು ಚೀಲದ ಸಮೇತ ಕರೆತಂದು, ಬೀದಿಗೆಲ್ಲ ಕೇಳುವಂತೆ, "ಇನ್ನು ಆ ರಾಜ್ಯ ಮನುಷ್ಯರು ಬದುಕೋಕೆ ಲಾಯಕ್ಕಲ್ಲ ಬಿಡಿ," ಎಂದರು. ಗೋಡೆ ಹಿಡಿದು ನಡೆಯುತ್ತಿದ್ದ ಸುಮತಿ ಆ ಮಾತನ್ನು ಕೇಳಿಸಿಕೊಂಡಳು. ಎಷ್ಟೋ ದಿನದಿಂದ ಕರೆದರೂ ಬಾರದ ಅಪ್ಪ ಈಗ ಯಾಕೆ ಬಂದ ಎಂಬುದು ಅವಳಿಗೆ ಆಗ ಗೊತ್ತಾಯಿತು. ಮೈಯಲ್ಲಿ ಶಕ್ತಿ ಬರುತ್ತಲೇ ಪೀಣ್ಯದಲ್ಲಿ ಕೆಲಸ ಹುಡುಕಿಕೊಂಡು, ಲಗ್ಗೆರೆಯಲ್ಲಿ ಒಂದು ರೂಮು ಹಿಡಿದಳು. ಅಮ್ಮನೊಂದಿಗೆ ಮಾತಾಡುತ್ತಿದ್ದಳು, ಅಪ್ಪನೊಂದಿಗೆ ಇಲ್ಲ.

ಕೊನೆಯ ಸಲ ನಾನು ಹೋದಾಗ ಮಾವನಿಗೆ ಎದೆನೋವು ಬಂದು ಹೋಗಿತ್ತು. ಮತ್ತೊಂದು ಚುನಾವಣೆಯ ಕಾಲ. ಮಂಚದ ಎದುರಿಗೆ ಟಿವಿ ಹಚ್ಚಿಕೊಂಡು ಮಲಗಿದ್ದರು.

"ಸುಮಿ ಮನೆಗೆ ಹೋಗಿದ್ಯಾ?"

"ಹೋಗಿದ್ದೆ. ಚೆನ್ನಾಗಿದಾಳೆ."

"ಅಲ್ಲಿ ಎಮ್ಮೆಲ್ಲೆ ಯಾವ ಪಾರ್ಟಿಯೋನು?"

ನಾನು ಎದ್ದು ಟಿವಿ ಆರಿಸಿಬಿಟ್ಟೆ. "ಮಾವ, ಬಾಗಿಲು ಒಳಗಿಂದ ಹಾಕ್ಕೊಂಡು ನೆಮ್ಮದಿಯಾಗಿ ನಿದ್ದೆ ಮಾಡ್ತಾಳೆ ಅಲ್ಲಿ. ಬೇರೇನೂ ಕೇಳ್ಬೇಡಿ ನನ್ನ!"

ಅವರು ಹೊದಿಕೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, "ನಾನು ಹೋದ್ರೆ ಬಾಗಿಲು ತೆಗೀತಾಳಾ?" ಎಂದರು.

"ಹೋಗಿ ಕೇಳಿ. ಲಗ್ಗೆರೆ ಏನ್ ಬೇರೆ ರಾಜ್ಯನಾ? ಆಟೋ ತರ್ತೀನಿ, ಈಗ್ಲೇ ಏಳಿ."

ಎದ್ದು ಕೂತರು. ಚಪ್ಪಲಿಗಾಗಿ ಕಾಲು ತಡಕಾಡಿತು ಕೂಡ. ಆಮೇಲೆ ಕಣ್ಣು ಟಿವಿಯ ಕಡೆ ಹೋಯಿತು. "ಕೌಂಟಿಂಗ್ ಒಂದ್ ಮುಗೀಲಿ ಕಣಮ್ಮ. ಆಮೇಲೆ ಹೋಗ್ತೀನಿ."

ಕೌಂಟಿಂಗಿಗೆ ಮುಂಚೆಯೇ ಮಾವ ಹೋಗಿಬಿಟ್ಟರು. ಸುಮತಿಗೆ ಫೋನ್ ಮಾಡಿದವಳು ನಾನು. ಅವಳು, "ಅಪ್ಪ ನನ್ ಬಗ್ಗೆ ಏನಾದ್ರೂ ಅಂದ್ರಾ?" ಎಂದಳು.

"ಅಂದ್ರು. ನಿನ್ನ ನೋಡೋಕೆ ಬರ್ತೀನಿ ಅಂದಿದ್ರು."

"ಯಾವಾಗ?" ಎಂದಳು ಸುಮತಿ.